ಮೊದಲ ಫುಲ್ ಮ್ಯಾರಥಾನ್‌ಗೆ ಇನ್ನು ಏಳು ವಾರ. ಕೊನೆಯಲ್ಲಿ ಓಟ ಎಷ್ಟು ಇಳಿಸಬೇಕು, ಯಾವ ವೇಗದಲ್ಲಿ ಓಡಬೇಕು?

ನೀವು ಹುಬ್ಬಳ್ಳಿಯವರು, ಹಾಫ್ ಮ್ಯಾರಥಾನ್ 2 ಗಂಟೆ 10 ನಿಮಿಷಕ್ಕೆ ಮುಗಿಸ್ತೀರಿ, ಜನವರಿಯಲ್ಲಿ ಮುಂಬೈ ಫುಲ್ (ಪೂರ್ತಿ ಮ್ಯಾರಥಾನ್, 42.2 ಕಿ.ಮೀ.) ಓಡಬೇಕು. ಕೊನೆಯ ವಾರಗಳಲ್ಲಿ ಓಟ ಕಡಿಮೆ ಮಾಡಿದರೆ ಇದ್ದ ದಮ್ಮೂ ಹೋಗುತ್ತಾ ಅಂತ ನಿಮ್ಮ ಭಯ. ಅದರಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಾನು ಕೆಟ್ಟಿದ್ದು ಅಲ್ಲೇ.

ನಾನು ಧಾರವಾಡದವನು. ನನ್ನ ಮೊದಲ ಫುಲ್‌ಗೆ ಎಂಟು ದಿನ ಇತ್ತು. ಒಂದು ಸಲ ಪರೀಕ್ಷೆ ಮಾಡಿಕೊಂಡುಬಿಡೋಣ ಅಂತ ಜುಬಿಲಿ ಸರ್ಕಲ್‌ನಿಂದ ಉಣಕಲ್ ಕೆರೆವರೆಗೆ ಓಡಿ, ಓಡುತ್ತಲೇ ವಾಪಸ್ ಹೊರಟೆ. ಮೂವತ್ತು ಕಿಲೋಮೀಟರ್ ಮೇಲೇ ಆಯಿತು. ಹುಬ್ಬಳ್ಳಿ ಕಡೆ ಹೋಗುವಾಗ ಇಳಿಜಾರು, ಏನೂ ಗೊತ್ತಾಗಲ್ಲ. ವಾಪಸ್ ಬರುವಾಗ ಗೊತ್ತಾಗುತ್ತದೆ. ನವಲೂರು ದಾಟುವಷ್ಟರಲ್ಲಿ ತೊಡೆ ಕಲ್ಲಾಗಿತ್ತು. ಪಕ್ಕದಲ್ಲೇ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಸುಯ್ ಅಂತ ಹೋಗುತ್ತಿತ್ತು, ಕಿಸೆಯಲ್ಲಿ ದುಡ್ಡಿದ್ದರೆ ಹತ್ತಿಬಿಡುತ್ತಿದ್ದೆ. ಆ ದಣಿವು ಎಂಟು ದಿನ ಕಳೆದರೂ ಇಳಿಯಲಿಲ್ಲ. ಫುಲ್‌ನಲ್ಲಿ 32ನೇ ಕಿಲೋಮೀಟರ್‌ನಿಂದ ಆಚೆ ಹೆಚ್ಚುಕಡಿಮೆ ನಡೆದೇ ಮುಗಿಸಿದೆ.

ಕೊನೆಯ ಹತ್ತು ದಿನ ಮೈ ಮುರಿದು ಓಡಿದ್ದರ ಲಾಭ ಓಟದ ದಿನಕ್ಕೆ ಸಿಗುವುದಿಲ್ಲ. ಸಿಗುವುದು ದಣಿವು ಮಾತ್ರ. ಎರಡು ಮೂರು ವಾರ ದೂರ ಇಳಿಸಿದರೆ ದಮ್ಮು ಎಲ್ಲೂ ಹೋಗಲ್ಲ. ಆ ಹೊತ್ತಿನಲ್ಲಿ ಸ್ನಾಯುಗಳ ಸಣ್ಣಪುಟ್ಟ ಪೆಟ್ಟು ಮಾಯುತ್ತದೆ, ಅವುಗಳಲ್ಲಿ ಗ್ಲೈಕೋಜನ್, ಅಂದ್ರೆ ಓಟಕ್ಕೆ ಬೇಕಾದ ಸಕ್ಕರೆಯ ದಾಸ್ತಾನು, ತುಂಬಿಕೊಳ್ಳುತ್ತದೆ. ಗ್ಲೈಕೋಜನ್ ನೀರನ್ನೂ ಹಿಡಿದಿಟ್ಟುಕೊಳ್ಳುವುದರಿಂದ ತೂಕ ಒಂದು ಕೆ.ಜಿ. ಜಾಸ್ತಿ ತೋರಿಸಬಹುದು, ಹೆದರಬೇಡಿ.

ನಿಮ್ಮ ಲೆಕ್ಕ ಹೀಗಿರಲಿ. ಮುಂದಿನ ನಾಲ್ಕು ಭಾನುವಾರ 24, 27, 20, 30 ಕಿ.ಮೀ. ಆ ಮೂವತ್ತೇ ಕೊನೆಯ ದೊಡ್ಡ ಓಟ, ಅಲ್ಲಿಂದ ಮ್ಯಾರಥಾನ್‌ಗೆ ಮೂರು ವಾರ. ವಾರಕ್ಕೆ 50 ಕಿ.ಮೀ. ಓಡುವವರಾದರೆ ಆಮೇಲೆ 40, ಅದರ ಮುಂದಿನ ವಾರ 30. ಕೊನೆಯ ವಾರ ಮ್ಯಾರಥಾನ್ ಬಿಟ್ಟು 12-15 ಸಾಕು. ಇಳಿಸಬೇಕಾದ್ದು ದೂರ, ವೇಗ ಅಲ್ಲ. ವಾರಕ್ಕೊಮ್ಮೆ ನಾಲ್ಕೈದು ಕಿಲೋಮೀಟರ್ ಮ್ಯಾರಥಾನ್ ವೇಗದಲ್ಲೇ ಓಡಿ, ಇಲ್ಲಾಂದ್ರೆ ಕಾಲು ಜಡ ಹಿಡಿಯುತ್ತದೆ. ಮನಸ್ಸು ಮಾತ್ರ ಕೇಳಲ್ಲ. ಎರಡನೇ ಸಲ ನಾನು ಹೀಗೆ ದೂರ ಇಳಿಸಿ ಮನೇಲಿ ಕೂತಾಗ ಅವ್ವನೇ ಕೇಳಿದಳು, "ಯಾಕೋ ತಮ್ಮಾ, ಓಡಾಕ ಹೋಗಲಿಲ್ಲೇನು? ಆರಾಮ ಇಲ್ಲೇನು?" ಅಂತ. ಆ ದಿನಗಳಲ್ಲಿ ಇಲ್ಲದ ಮಂಡಿನೋವೂ ಬಂದಂಗೆ ಅನಿಸುತ್ತದೆ. ಹೆಚ್ಚಿನವು ಸುಮ್ನೆ ಅನಿಸಿಕೆ, ಎರಡು ದಿನಕ್ಕೆ ಮಾಯ.

ಇನ್ನು ವೇಗ. 2:10ರ ಹಾಫ್ ನೋಡಿದರೆ ಕಾಗದದ ಮೇಲೆ ಫುಲ್ 4:30ಕ್ಕೆ ಆಗಬೇಕು. ಅದನ್ನು ನಂಬಬೇಡಿ, ಮೊದಲನೆಯದಲ್ವಾ. 4 ಗಂಟೆ 40 ನಿಮಿಷ ಇಟ್ಟುಕೊಳ್ಳಿ, ಅಂದ್ರೆ ಕಿಲೋಮೀಟರಿಗೆ 6:38 (6 ನಿಮಿಷ 38 ಸೆಕೆಂಡ್). ಮೊದಲ ಐದಾರು ಕಿ.ಮೀ. 6:50ರ ಆಸುಪಾಸಿನಲ್ಲೇ ಇರಿ. ಜನ ನಿಮ್ಮನ್ನು ದಾಟಿಕೊಂಡು ಹೋಗ್ತಾರೆ, ಹೋಗಲಿ. 2023ರ ಶಿಕಾಗೊ ಮ್ಯಾರಥಾನ್‌ನಲ್ಲಿ ಕೀನ್ಯಾದ ಓಟಗಾರ ಕೆಲ್ವಿನ್ ಕಿಪ್ಟಮ್ 2:00:35ರ ವಿಶ್ವದಾಖಲೆ ಮಾಡಿದಾಗ ಮೊದಲರ್ಧಕ್ಕೆ 60 ನಿಮಿಷ 48 ಸೆಕೆಂಡ್, ಎರಡನೆಯದಕ್ಕೆ 59 ನಿಮಿಷ 47 ಸೆಕೆಂಡ್ ತಗೊಂಡರು. ಅಂಥವರೇ ಮೊದಲು ಕೈ ಬಿಗಿ ಹಿಡಿದರು ಅಂದಮೇಲೆ ನಮ್ಮದೇನು!

ಮುಂಬೈಯಲ್ಲಿ ಇನ್ನೆರಡು ತೊಂದರೆ. ಕೊನೆಯ ಭಾಗದಲ್ಲಿ, ಕಾಲು ಸೋತಮೇಲೆ, ಪೆಡ್ಡರ್ ರೋಡಿನ ಏರು ಬರುತ್ತದೆ. ಅದಕ್ಕೆ ನಿಮ್ಮಲ್ಲೇ ನೃಪತುಂಗ ಬೆಟ್ಟ ಇದೆಯಲ್ಲ, ಈಗಲೇ ವಾರಕ್ಕೊಮ್ಮೆ ಹತ್ತಿ ಇಳಿಯಿರಿ. ಇನ್ನೊಂದು ಸೆಕೆ. ನಮ್ಮ ಕಡೆ ಜನವರಿಯ ಬೆಳಗು ತಂಪು, ಒಣ ಗಾಳಿ. ಅಲ್ಲಿ ಬೆವರು ಆರುವುದೇ ಇಲ್ಲ. ಬಿಸಿಲೇರಿದರೆ 6:38 ಮರೆತು ಉಸಿರಾಟ ನೋಡಿಕೊಂಡು ಓಡಿ.

ತಿನ್ನುವ ವಿಷಯ ಸ್ವಲ್ಪ ಹೇಳ್ತೀನಿ. ಕೊನೆಯ ಎರಡು ದಿನ ರೊಟ್ಟಿ, ಕಾಳುಪಲ್ಯ ಕಡಿಮೆ ಮಾಡಿ ಅನ್ನ ಜಾಸ್ತಿ ಉಣ್ಣಿ. ನಾರು ಹೆಚ್ಚಾದರೆ ಅರ್ಧ ದಾರಿಯಲ್ಲಿ ಹೊಟ್ಟೆ ಕೈಕೊಡುತ್ತದೆ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಜೆಲ್ (ಓಟಗಾರರಿಗೆ ಪೊಟ್ಟಣದಲ್ಲಿ ಸಿಗುವ ಸಿಹಿ ಪೇಸ್ಟು), ಬಾಳೆಹಣ್ಣು ಯಾವುದಾದರೂ ಸರಿ, ಭಾನುವಾರದ ಓಟಗಳಲ್ಲಿ ಮೊದಲೇ ತಿಂದು ನೋಡಿರಬೇಕು. ನಾನು ನಮ್ಮೂರ ಪೇಢೆಯನ್ನೇ ಪ್ರಯೋಗ ಮಾಡಿದವನು, ನಗಬೇಡಿ. ಒಣಗಿದ ಬಾಯಲ್ಲಿ ಅದು ಪುಡಿಪುಡಿಯಾಗಿ ಗಂಟಲಿಗೆ ಅಂಟಿಕೊಂಡು, ಕೆಲಗೇರಿ ಕೆರೆ ದಂಡೆಯ ಮೇಲೆ ಐದು ನಿಮಿಷ ಕೆಮ್ಮುತ್ತಾ ನಿಂತಿದ್ದೆ. ಪೇಢೆ ಓಟ ಮುಗಿದ ಮೇಲೆ ತಿನ್ನಿ.