ರಾತ್ರಿ ಹತ್ತಕ್ಕೆ ಬಂದ ಕೆಂಪಕ್ಷರ: ಕ್ರಿಯಾಟಿನಿನ್ 1.4ರ ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

51 ವರ್ಷದ ಪ್ರೌಢಶಾಲಾ ಶಿಕ್ಷಕಿ. ಎಂಟು ವರ್ಷದಿಂದ ಬಿಪಿ ಇದೆ, ಸಕ್ಕರೆ ಇಲ್ಲ. ಒಬ್ಬರ ದರಕ್ಕೆ ಇಬ್ಬರು ಎಂಬ ಆಫರ್ ನೋಡಿ ಗಂಡನ ಜೊತೆ ತಾವೂ ಫುಲ್ ಬಾಡಿ ಚೆಕಪ್‌ಗೆ ರಕ್ತ ಕೊಟ್ಟರು. ಅನುಮಾನ ಇದ್ದದ್ದು ಗಂಡನ ಆರೋಗ್ಯದ ಬಗ್ಗೆ, ಅವರದೆಲ್ಲ ಸರಿಯಾಗಿಯೇ ಬಂತು. ಇವರ ರಿಪೋರ್ಟ್ ರಾತ್ರಿ ಹತ್ತೂಕಾಲಿಗೆ ವಾಟ್ಸಾಪಿಗೆ ಬಂದು ಬಿತ್ತು. ಹದಿನಾಲ್ಕು ಪುಟ. ಒಂಬತ್ತನೇ ಪುಟದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) 1.4, ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) 45, ಅದರ ಪಕ್ಕ ಕೆಂಪಕ್ಷರದಲ್ಲಿ 'ಸ್ಟೇಜ್ 3ಎ'.

ಆ ಹೊತ್ತಿನಲ್ಲಿ ಕೇಳಲು ವೈದ್ಯರಿಲ್ಲ, ಮೊಬೈಲ್ ಇದೆ. ಸ್ಟೇಜ್ 3 ಅಂದರೆ ಕ್ಯಾನ್ಸರಿನ ಮೂರನೇ ಹಂತದ ಹಾಗೆ ಎಂದುಕೊಂಡರು. 45 ಅಂದರೆ ಕಿಡ್ನಿ ನೂರಕ್ಕೆ ನಲವತ್ತೈದು ಉಳಿದಿದೆ, ಎರಡು ವರ್ಷದಲ್ಲಿ ಡಯಾಲಿಸಿಸ್ ಎಂದು ತಾವೇ ಲೆಕ್ಕ ಹಾಕಿದರು. ಸೋದರಮಾವನನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡಿದ್ದರು. ಗಂಡನಿಗೆ ಹೇಳಲಿಲ್ಲ. ಮಗಳ ಮದುವೆ ಮಾತುಕತೆ ನಡೆದಿತ್ತು.

ಆಪ್ತಸಲಹೆಗೆ ಬಂದದ್ದು ಒಂಬತ್ತು ದಿನದ ಮೇಲೆ, ನಿದ್ದೆ ಬರುತ್ತಿಲ್ಲ ಎಂಬ ದೂರಿನೊಂದಿಗೆ. ಆ ಒಂಬತ್ತು ದಿನ ಮಾಡಿದ್ದನ್ನೆಲ್ಲ ಕೇಳಿದಾಗ ಹೊರಬಿದ್ದದ್ದು ಇದು. ಬಿಪಿ ಮಾತ್ರೆಯೇ ಕಿಡ್ನಿ ಕೆಡಿಸುತ್ತದೆ ಎಂದು ಪಕ್ಕದ ಮನೆಯವರು ಅಂದದ್ದಕ್ಕೆ ಅದನ್ನು ನಿಲ್ಲಿಸಿದ್ದರು. ದಿನಕ್ಕೆ ಐದು ಲೀಟರ್ ನೀರು ಕುಡಿದು ರಾತ್ರಿ ನಾಲ್ಕು ಸಲ ಏಳುತ್ತಿದ್ದರು. ಬೇಳೆ, ಮೊಟ್ಟೆ, ಹಾಲು ಬಿಟ್ಟು ಗಂಜಿ ಮಾತ್ರ ಉಣ್ಣುತ್ತಿದ್ದರು, ಎರಡೂವರೆ ಕಿಲೋ ಇಳಿದಿದ್ದರು. ಅಡುಗೆಗೆ ಕಡಿಮೆ ಸೋಡಿಯಂ ಉಪ್ಪು ತಂದಿದ್ದರು. ನೆಂಟರೊಬ್ಬರು ಕೊಟ್ಟ, ಲೇಬಲ್ ಇಲ್ಲದ ಚೂರ್ಣ ಬೆಳಿಗ್ಗೆ ಸಂಜೆ ಒಂದೊಂದು ಚಮಚ. ಮಂಡಿನೋವಿನ ಮಾತ್ರೆ ಮಾತ್ರ ಎಂದಿನಂತೆ ನಡೆದಿತ್ತು. ಅದನ್ನು ಅವರು ಔಷಧಿಯ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಿಲ್ಲಿಸಬಾರದ್ದನ್ನು ನಿಲ್ಲಿಸಿ, ನಿಲ್ಲಿಸಬೇಕಾದ್ದನ್ನು ಮುಂದುವರಿಸಿದ್ದರು. ಇಂಥ ಪ್ರಕರಣಗಳಲ್ಲಿ ಮೊದಲ ವಾರಗಳ ಹಾನಿ ಬಹುಮಟ್ಟಿಗೆ ಕಾಯಿಲೆಯಿಂದಲ್ಲ, ಹೆದರಿಕೆ ಮಾಡಿಸುವ ಕೆಲಸಗಳಿಂದ ಆಗುತ್ತದೆ. ಹಾಗಾಗಿ ಸಮಾಧಾನದ ಮಾತಿಗಿಂತ ಮೊದಲು ಮಾತ್ರೆಗಳ ಚೀಲ ಮೇಜಿನ ಮೇಲೆ ಬಂತು.

ಚೀಲದಲ್ಲಿದ್ದವು ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಬಿಪಿ ಮಾತ್ರೆ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ, ಡೈಕ್ಲೋಫೆನಾಕ್ ಗುಂಪಿನ ಅಸೆಕ್ಲೋಫೆನಾಕ್ ಇರುವ ನೋವಿನ ಮಾತ್ರೆ. ದಿನಕ್ಕೆರಡರಂತೆ ಸುಮಾರು ಒಂದು ತಿಂಗಳಿನಿಂದ ನುಂಗುತ್ತಿದ್ದರು. ಈ ಮೂರು ಔಷಧಿ ಒಟ್ಟಿಗೆ ಸೇರಿದರೆ ಏನಾಗುತ್ತದೆಂದು ಕೆರೆಯ ತೂಬಿನ ಲೆಕ್ಕದಲ್ಲಿ ವಿವರಿಸಲಾಯಿತು. ಕಿಡ್ನಿಯ ಶೋಧಕಕ್ಕೆ ರಕ್ತ ಒಳಬರುವ ತೂಬು ಒಂದು, ಹೊರಹೋಗುವ ತೂಬು ಇನ್ನೊಂದು. ಎರಡರ ನಡುವಿನ ಒತ್ತಡವೇ ಸೋಸುವ ಶಕ್ತಿ. ನೋವಿನ ಮಾತ್ರೆ ಒಳತೂಬನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟನ್ ಹೊರತೂಬನ್ನು ಸಡಿಲಿಸುತ್ತದೆ. ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಕೆರೆಯ ನೀರನ್ನೇ ತಗ್ಗಿಸುತ್ತದೆ. ಜೊತೆಗೆ ಶಾಲೆಯ ಶೌಚಾಲಯ ಸರಿಯಿಲ್ಲವೆಂದು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆವರೆಗೆ ನೀರನ್ನೇ ಮುಟ್ಟದ ಅಭ್ಯಾಸ ಬೇರೆ. ಟೆಲ್ಮಿಸಾರ್ಟನ್ ಒಂದೇ ಇದ್ದಾಗ ಅದು ಕಿಡ್ನಿಗೆ ಶತ್ರುವಲ್ಲ, ಒತ್ತಡ ಇಳಿಸಿ ದೀರ್ಘಕಾಲ ಕಾಪಾಡುತ್ತದೆ. ಕೂಟ ಕೆಟ್ಟದ್ದು.

ಮಾತ್ರೆ ನಿಲ್ಲಿಸು, ಶುರುಮಾಡು ಎನ್ನುವುದು ಆಪ್ತಸಲಹೆಗಾರರ ಕೆಲಸವಲ್ಲ. ಅಲ್ಲಿಯೇ ಅಳೆದ ಬಿಪಿ 164/98 ಇತ್ತು. ಅಂದೇ ಮಧ್ಯಾಹ್ನ ವೈದ್ಯರ ಬಳಿ ಕಳಿಸಲಾಯಿತು, ಮೂರು ಪ್ರಶ್ನೆ ಬರೆದ ಚೀಟಿಯೊಂದಿಗೆ: ಇದು ಇತ್ತೀಚೆಗೆ ಆದದ್ದೋ ಹಳೆಯದೋ? ಈ ಚೀಲದಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು? ಮೂತ್ರದಲ್ಲಿ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ನೋಡಬೇಕೇ, ಮುಂದಿನ ರಕ್ತಪರೀಕ್ಷೆ ಯಾವಾಗ? ಮೂರಕ್ಕಿಂತ ಹೆಚ್ಚು ಪ್ರಶ್ನೆ ಬರೆದರೆ ಐದು ನಿಮಿಷದ ಭೇಟಿಯಲ್ಲಿ ಒಂದಕ್ಕೂ ನೆಟ್ಟಗೆ ಉತ್ತರ ಸಿಗುವುದಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಮನೆಯ ಬೀರುವಿನಲ್ಲೇ ಇತ್ತು. ಎರಡು ವರ್ಷದ ಹಿಂದೆ ಡೆಂಗಿ ಜ್ವರಕ್ಕೆ ದಾಖಲಾಗಿದ್ದಾಗಿನ ಡಿಸ್ಚಾರ್ಜ್ ಕಾಗದದಲ್ಲಿ ಕ್ರಿಯಾಟಿನಿನ್ 0.9 ಎಂದಿತ್ತು. ಅವರ ಆಗಿನ ವಯಸ್ಸಿಗೆ ಅದು ಇಜಿಎಫ್‌ಆರ್ 78ರ ಸುಮಾರು. ಹೊಸ ಪರೀಕ್ಷೆಗೆ ಎರಡು ಸಾವಿರ ಸುರಿಯುವ ಮೊದಲು ಹಳೆಯ ಕಾಗದ ಹುಡುಕಿ. ಹೆರಿಗೆ, ಆಪರೇಷನ್, ವಿಮೆ, ಜ್ವರ, ಯಾವುದಾದರೂ ಒಂದರಲ್ಲಿ ಕ್ರಿಯಾಟಿನಿನ್ ಸಾಮಾನ್ಯವಾಗಿ ಇರುತ್ತದೆ.

ಇನ್ನು 'ಸ್ಟೇಜ್' ಎಂಬ ಪದ. ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಅಥವಾ ಕಿಡ್ನಿಗೆ ಪೆಟ್ಟಾದ ಗುರುತು (ಮೂತ್ರದಲ್ಲಿ ಆಲ್ಬುಮಿನ್ ಸೋರುವಂಥದು), ಇವೆರಡರಲ್ಲಿ ಒಂದಾದರೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇದ್ದರಷ್ಟೇ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಒಂದೇ ರಕ್ತಪರೀಕ್ಷೆ ನೋಡಿ ಲ್ಯಾಬಿನ ಕಂಪ್ಯೂಟರ್ ಸ್ಟೇಜ್ ಮುದ್ರಿಸುವುದು ಅವಸರದ ಕೆಲಸ. ಇದೊಂದು ಅನಗತ್ಯ ಕ್ರೌರ್ಯ ಎಂದೇ ಹೇಳಬೇಕು. ಇಜಿಎಫ್‌ಆರ್ ಎಂಬುದು ಕ್ರಿಯಾಟಿನಿನ್, ವಯಸ್ಸು, ಲಿಂಗ ಹಾಕಿ ತೆಗೆದ ಅಂದಾಜು. ಹಿಂದಿನ ರಾತ್ರಿ ಮಟನ್ ಊಟ ಮಾಡಿದ್ದರೆ, ಹಿಂದಿನ ದಿನ ಭಾರೀ ಕಸರತ್ತು ಮಾಡಿದ್ದರೆ, ಜಿಮ್‌ನ ಕ್ರಿಯಾಟಿನ್ ಪುಡಿ ತಿನ್ನುತ್ತಿದ್ದರೆ, ಕೋ-ಟ್ರೈಮಾಕ್ಸಜೋಲ್‌ನಂಥ ಆಂಟಿಬಯಾಟಿಕ್ ನಡೆದಿದ್ದರೆ ಕಿಡ್ನಿ ಚೆನ್ನಾಗಿದ್ದರೂ ಕ್ರಿಯಾಟಿನಿನ್ ಏರಿ ಕಾಣಬಹುದು. ಇದರ ತಿರುಗುಮುರುಗೂ ಇದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಗಂಜಿ ಕುಡಿದು ಸ್ನಾಯು ಕರಗಿದರೆ ಅಂಕಿ ಇಳಿಯುತ್ತದೆ, ಕಿಡ್ನಿ ಒಂದಿಷ್ಟೂ ಸುಧಾರಿಸಿರುವುದಿಲ್ಲ. ಈ ಮಾತು ಕೇಳಿದ ಮೇಲೆಯೇ ಶಿಕ್ಷಕಿ ಬೇಳೆಗೆ ಮರಳಿದ್ದು.

ಊಟದ ಸಲಹೆ ಹೀಗಿತ್ತು. ತೂಕ 58 ಕಿಲೋ, ಕಿಲೋಗೆ 0.8 ಗ್ರಾಂ ಲೆಕ್ಕದಲ್ಲಿ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್. ಬೇಳೆಸಾರು, ಮೊಸರು, ಒಂದು ಮೊಟ್ಟೆ ಇರುವ ಸಾಧಾರಣ ಊಟ ಅದರ ಆಸುಪಾಸಿನಲ್ಲೇ ಇರುತ್ತದೆ. ಬಿಡಬೇಕಾದ್ದು ಪ್ರೋಟೀನ್ ಪುಡಿಯ ಡಬ್ಬಿಗಳನ್ನು. ಪೊಟ್ಯಾಸಿಯಂ 4.6 ಇತ್ತು. ಹಾಗಾಗಿ ಬಾಳೆಹಣ್ಣು, ಎಳನೀರು ಬಿಡಬೇಕಿಲ್ಲ, ತರಕಾರಿ ಬೇಯಿಸಿ ನೀರು ಬಸಿಯಬೇಕಿಲ್ಲ. ಅದು ರಕ್ತದಲ್ಲಿ ಪೊಟ್ಯಾಸಿಯಂ ಏರಿದವರಿಗೆ ಹೇಳುವ ಪಥ್ಯ. ಕಡಿಮೆ ಸೋಡಿಯಂ ಉಪ್ಪನ್ನು ಮಾತ್ರ ಅಂದೇ ಅಡುಗೆಮನೆಯಿಂದ ಹೊರಹಾಕಿಸಲಾಯಿತು. ಅದರಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್, ಟೆಲ್ಮಿಸಾರ್ಟನ್ ಜೊತೆ ಅದು ಅಪಾಯ. ಚೂರ್ಣದಲ್ಲಿ ಭಸ್ಮ ಇದ್ದರೆ ಸೀಸ, ಪಾದರಸದ ಭಯ. ಲೇಬಲ್ ಇಲ್ಲದ್ದನ್ನು ಬೆರಳ ತುದಿಗೂ ತಾಗಿಸಬೇಡಿ.

ಉಪ್ಪಿಗೆ ಒಂದು ಲೆಕ್ಕವಿದೆ, ಅದು ಚಮಚದಲ್ಲಿ ಅಳೆಯುವುದಕ್ಕಿಂತ ಸುಲಭ. ತಲೆಗೆ ದಿನಕ್ಕೆ 5 ಗ್ರಾಂ ಮಿತಿ. ಮೂರು ಜನರ ಮನೆಯಲ್ಲಿ 15 ಗ್ರಾಂ. ಅಂದರೆ ಒಂದು ಕಿಲೋ ಪೊಟ್ಟಣ ಅರವತ್ತಾರು ದಿನ ಬರಬೇಕು. ಇವರ ಮನೆಯಲ್ಲಿ ಅದು ಒಂದೇ ತಿಂಗಳಿಗೆ ಖಾಲಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇರೆ. ಪೊಟ್ಟಣ ಒಡೆದ ತಾರೀಕನ್ನು ಅದರ ಮೇಲೆಯೇ ಪೆನ್ನಿನಿಂದ ಬರೆಯಲು ಹೇಳಲಾಯಿತು. ನೀರು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಸಾಕು ಎಂದು ವೈದ್ಯರು ಹೇಳಿದ್ದರು. ಅದರಲ್ಲಿ ಮುಕ್ಕಾಲು ಪಾಲು ಸಂಜೆ ಆರರೊಳಗೆ, ಶಾಲೆಯ ಎರಡೂ ಬಿಡುವಿನಲ್ಲಿ ಒಂದೊಂದು ಲೋಟ. ಹೆಚ್ಚು ಕುಡಿದರೆ ಕಿಡ್ನಿ ತೊಳೆದುಹೋಗುವುದಿಲ್ಲ, ನಿದ್ದೆ ಹೋಗುತ್ತದೆ.

ಮನಸ್ಸಿನ ಕಡೆ ಮೊದಲು ನೇರವಾಗಿ ಕೇಳಿದ್ದು ಸಾಯಬೇಕೆನಿಸುತ್ತದೆಯೇ ಎಂದು. ಇಲ್ಲ, ಸಾಕಾಗಿದೆ ಅಷ್ಟೇ ಎಂದರು. ಅಂಥ ಯೋಚನೆ ಬಂದರೆ ಯಾವ ಹೊತ್ತಿನಲ್ಲೂ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಬರೆದುಕೊಡಲಾಯಿತು. ಆಮೇಲೆ ಚಿಂತೆಗೊಂದು ಹೊತ್ತು ಗೊತ್ತುಮಾಡಲಾಯಿತು: ಸಂಜೆ ಆರರಿಂದ ಆರೂ ಇಪ್ಪತ್ತು, ಹಿತ್ತಿಲ ಕಟ್ಟೆಯ ಮೇಲೆ ಕೂತು, ಕೈಯಲ್ಲಿ ನೋಟ್‌ಬುಕ್. ರಾತ್ರಿ ಎರಡಕ್ಕೆ ಯೋಚನೆ ಬಂದರೆ ಒಂದು ಪದ ಗೀಚಿ, 'ನಾಳೆ ಆರಕ್ಕೆ' ಎಂದು ಮಗ್ಗುಲಾಗುವುದು. ಮೊದಲ ನಾಲ್ಕು ದಿನ ಇದು ನಗೆಪಾಟಲು ಅನಿಸುತ್ತದೆ, ಅನಿಸಲಿ. ಮೊಬೈಲ್ ಚಾರ್ಜಿಗೆ ನಡುಮನೆಯಲ್ಲಿ.

ಗಂಡನಿಗೆ ಹೇಳುವ ವಾಕ್ಯವನ್ನು ಕೂತು ಬರೆಸಲಾಯಿತು, ಏಕೆಂದರೆ ಅದು ಬಾಯಿಗೆ ಬರುತ್ತಿರಲಿಲ್ಲ. "ರಕ್ತದಲ್ಲಿ ಕಿಡ್ನಿಯ ಒಂದು ಅಂಕಿ ಹೆಚ್ಚು ಬಂದಿದೆ. ನೋವಿನ ಮಾತ್ರೆಯಿಂದ ಇರಬಹುದು. ಎರಡು ವಾರ ಬಿಟ್ಟು ಮತ್ತೆ ನೋಡ್ತಾರೆ. ಅಲ್ಲೀವರೆಗೂ ನೀವು ಜೊತೆಗಿದ್ರೆ ಸಾಕು, ಯಾರಿಗೂ ಹೇಳೋದು ಬೇಡ." ಬೀಗರಿಗೆ ಹೇಳಬೇಕೇ ಎಂಬುದೇ ಅವರನ್ನು ಹೆಚ್ಚು ಕೊರೆಯುತ್ತಿತ್ತು. ರೋಗವೇ ನಿಶ್ಚಯವಾಗದಿರುವಾಗ ಹೇಳಲು ಏನೂ ಇಲ್ಲ. ವಂಶದಲ್ಲಿ ಬರುವ ಗುಳ್ಳೆ ಕಿಡ್ನಿ ಕಾಯಿಲೆಯಾಗಿದ್ದರೆ ಮಗಳಿಗೂ ತಪಾಸಣೆ ಬೇಕಾಗುತ್ತಿತ್ತು. ಇವರ ಸ್ಕ್ಯಾನಿಂಗ್‌ನಲ್ಲಿ ಗುಳ್ಳೆಗಳಿರಲಿಲ್ಲ, ಗಾತ್ರವೂ ಸರಿಯಿತ್ತು.

ವೈದ್ಯರು ನೋವಿನ ಮಾತ್ರೆ ನಿಲ್ಲಿಸಿ, ಬೇಕಾದಾಗ ಪ್ಯಾರಸಿಟಮಾಲ್ ಎಂದರು. ಹೈಡ್ರೋಕ್ಲೋರೋಥಯಾಜೈಡ್ ತೆಗೆದು ಟೆಲ್ಮಿಸಾರ್ಟನ್ ಜೊತೆ ಆಮ್ಲೋಡಿಪಿನ್ ಕೊಟ್ಟರು. ವಾಂತಿ ಭೇದಿ ಹಿಡಿದರೆ ಟೆಲ್ಮಿಸಾರ್ಟನ್ ಬಗ್ಗೆ ಅಂದೇ ಫೋನ್ ಮಾಡಿ ಕೇಳಬೇಕು. ಮೂತ್ರ ತೀರಾ ಕಡಿಮೆಯಾದರೆ, ಮುಖ ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ, ವಾಂತಿ ನಿಲ್ಲದಿದ್ದರೆ, ಮಾತು ತೊದಲಿ ಮಂಪರು ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ.

ಎರಡು ವಾರಕ್ಕೆ ಕ್ರಿಯಾಟಿನಿನ್ 1.2, ಇಜಿಎಫ್‌ಆರ್ 55. ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಮಾತ್ರ 92 ಇತ್ತು, 30ರೊಳಗಿರಬೇಕಾದ್ದು. ಇಲ್ಲಿ ಪ್ರಕರಣ ಸ್ವಲ್ಪ ಹಳಿ ತಪ್ಪಿತು. ಅಂಕಿ ಇಳಿದ ಖುಷಿಗೆ ಮೂರು ಲ್ಯಾಬುಗಳಲ್ಲಿ ನಾಲ್ಕು ನಾಲ್ಕು ದಿನಕ್ಕೊಮ್ಮೆ ರಕ್ತ ಕೊಟ್ಟರು: 1.25, 1.18, 1.3. ಪ್ರತಿ ಏರಿಳಿತಕ್ಕೂ ಒಂದು ರಾತ್ರಿ ನಿದ್ದೆ ಹೋಯಿತು. ಲ್ಯಾಬಿಂದ ಲ್ಯಾಬಿಗೆ, ದಿನದಿಂದ ದಿನಕ್ಕೆ 0.1 ಹೆಚ್ಚುಕಡಿಮೆ ಆಗುವುದು ಮಾಮೂಲು. ಅದಕ್ಕಾಗಿ ಒಪ್ಪಂದ: ಒಂದೇ ಲ್ಯಾಬ್, ವೈದ್ಯರು ಹೇಳಿದ ದಿನ ಮಾತ್ರ. ಹಿಂದಿನ ರಾತ್ರಿ ಮಾಂಸ ಬೇಡ, ಎಂದಿನಷ್ಟು ನೀರು. ಮೂತ್ರ ಬೆಳಗಿನ ಮೊದಲನೆಯದು, ಜ್ವರ, ಉರಿಮೂತ್ರ, ಮುಟ್ಟು ಇರುವಾಗ ಕೊಡಬಾರದು.

ನೆಂಟರ ಮದುವೆಯಲ್ಲಿ ಮಂಡಿ ಹಿಡಿದುಕೊಂಡಾಗ ಕ್ಲಿನಿಕ್ ಒಂದರಲ್ಲಿ ನೋವಿನ ಇಂಜೆಕ್ಷನ್ ಹಾಕಿಸಿಕೊಂಡರು, ಏನೆಂದು ಕೇಳಲಿಲ್ಲ. ಬೈಯುವುದರಿಂದ ಉಪಯೋಗವಿಲ್ಲ. "ಕಿಡ್ನಿ ತೊಂದರೆ ಇದೆ, ಡೈಕ್ಲೋಫೆನಾಕ್ ಗುಂಪಿನದು ಬೇಡ" ಎಂದು ಬರೆದ ಚೀಟಿಯನ್ನು ಪರ್ಸಿನಲ್ಲಿ ಇಡಿಸಲಾಯಿತು. ಜೊತೆಗೆ ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಚಾಚಿ ಐದು ಎಣಿಸುವ ವ್ಯಾಯಾಮ, ಹತ್ತು ಸಲ, ದಿನಕ್ಕೆರಡು ಬಾರಿ. ಮಂಡಿನೋವಿಗೆ ದಾರಿ ಮಾಡಿಕೊಡದೆ ನೋವಿನ ಮಾತ್ರೆ ಬಿಡಿ ಎನ್ನುವುದು ಅರ್ಧ ಸಲಹೆ.

ಮೂರು ತಿಂಗಳು ದಾಟಿದ ಮೇಲೆ ಕ್ರಿಯಾಟಿನಿನ್ 1.1, ಇಜಿಎಫ್‌ಆರ್ 61. ಮೂತ್ರದ ಅನುಪಾತ 64. ಮನೆಯಲ್ಲಿ ಅಳೆದ ಬಿಪಿ ಸರಾಸರಿ 128/80. ಅಂದರೆ ಬರೀ ಸುಳ್ಳು ಗಾಬರಿಯಲ್ಲ. ಆಲ್ಬುಮಿನ್ ಮೂರು ತಿಂಗಳೂ ಸೋರಿದೆ, ಹಳೆಯ ಬಿಪಿಯಿಂದ ಕಿಡ್ನಿಗೆ ಸ್ವಲ್ಪ ಪೆಟ್ಟಾಗಿದೆ ಎಂದು ವೈದ್ಯರು ಹೇಳಿದರು. ದೀರ್ಘಕಾಲದ ಕಾಯಿಲೆ ಎಂಬ ಹೆಸರು ಉಳಿಯಿತು, ಡಯಾಲಿಸಿಸ್‌ನ ಮಾತು ಹತ್ತಿರಕ್ಕೂ ಇಲ್ಲ. ಕೊನೆಯ ಭೇಟಿಯಲ್ಲಿ ಶಿಕ್ಷಕಿ ಅತ್ತದ್ದು ಇದಕ್ಕೆ. ಒಂದೋ ಪೂರ್ತಿ ಸರಿ, ಇಲ್ಲ ಪೂರ್ತಿ ಹೋಯಿತು, ಎರಡರಲ್ಲಿ ಒಂದಕ್ಕೆ ಅವರು ಸಿದ್ಧರಾಗಿದ್ದರು. ಆ ಅರ್ಧ ಗಂಟೆ ಯಾವ ಸಲಹೆಯನ್ನೂ ಕೊಡಲಿಲ್ಲ, ಅಳಲು ಬಿಡಲಾಯಿತು.

ಮುಂದಿನ ಪರೀಕ್ಷೆ ಆರು ತಿಂಗಳಿಗೆ. ಲ್ಯಾಬಿನಲ್ಲಿ ಗಂಡನ ನಂಬರ್ ಕೊಟ್ಟಿದ್ದಾರೆ. ಪಿಡಿಎಫ್ ಅವರಿಗೆ ಬರುತ್ತದೆ, ವೈದ್ಯರ ಕೋಣೆಯಲ್ಲೇ ತೆರೆಯಬೇಕೆಂದು ಮಾತಾಗಿದೆ.