ಗ್ರೀನ್ ಪಕ್ಕದ ಶಾಟ್‌ಗೆ ಚಿಪ್ಪರ್ ಕೊಳ್ಳಬೇಕಾ? ಮೊದಲು ನಿಮ್ಮ 8 ಐರನ್ ಹೊರಗೆ ತೆಗೆಯಿರಿ

ನಿಮ್ಮ ಪ್ರಶ್ನೆ ಓದಿದೆ. ಊರು ಬೀದರ್, ಕೆಲಸ ಹೈದರಾಬಾದ್, ಗಾಲ್ಫ್ ಶುರು ಮಾಡಿ ಒಂದು ವರ್ಷ. ಗ್ರೀನ್ (ಕುಳಿ ಇರುವ, ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಹತ್ತಿರ ಬರುವವರೆಗೆ ಆಟ ಸರಿ ಇರುತ್ತದೆ, ಕೊನೆಯ ಹದಿನೈದು ಗಜದಲ್ಲಿ ಎರಡು ಮೂರು ಶಾಟ್ ಹಾಳಾಗುತ್ತವೆ. ಗೆಳೆಯರೊಬ್ಬರು ಚಿಪ್ಪರ್ ತಗೊಳ್ಳಿ ಅಂದಿದ್ದಾರೆ, ಗ್ರೀನ್ ಪಕ್ಕದಿಂದ ಚೆಂಡನ್ನು ಸ್ವಲ್ಪ ಹಾರಿಸಿ ಉರುಳಿಸುವ ಕ್ಲಬ್ (ಗಾಲ್ಫ್ ಕೋಲು) ಅದು. ಜೊತೆಗೆ ಆಡುವ ಇನ್ನೊಬ್ಬರು ಅದು ಆಟ ಬಾರದವರ ಕ್ಲಬ್ ಅಂದಿದ್ದಾರೆ. ಕೊಳ್ಳಲೋ ಬೇಡವೋ ಅಂತ ಕೇಳಿದ್ದೀರಿ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈಗಲೇ ಕೊಳ್ಳಬೇಡಿ. ಚಿಪ್ಪರ್ ಮಾಡುವ ಕೆಲಸವನ್ನು ಮಾಡಬಲ್ಲ ಕ್ಲಬ್ ನಿಮ್ಮ ಬ್ಯಾಗಿನಲ್ಲಿ ಈಗಾಗಲೇ ಇದೆ. ಅದನ್ನು ಹಿಡಿಯುವ ರೀತಿ ಬದಲಾಗಬೇಕು. ಒಂದು ತಿಂಗಳು ಅದನ್ನು ಮಾಡಿ ನೋಡಿ. ಆಮೇಲೂ ಕೈ ಮಾತು ಕೇಳದಿದ್ದರೆ ಧಾರಾಳವಾಗಿ ಕೊಳ್ಳಿ, ಯಾರ ಮಾತಿಗೂ ನಾಚಬೇಡಿ.

ನಾನು ಕಲಬುರಗಿಯವನು. ಆಡುವುದು ಹೈದರಾಬಾದಿನಲ್ಲಿ, ತಿಂಗಳಿಗೆ ಒಂದೋ ಎರಡೋ ಸಲ. ಹುಮನಾಬಾದ್, ಜಹೀರಾಬಾದ್ ದಾಟಿ ಸುಮಾರು 220 ಕಿಲೋಮೀಟರ್ ಹೋಗಬೇಕು. ಅಷ್ಟು ದೂರ ಹೋಗಿ, ಗ್ರೀನ್ ಅಂಚಿನಲ್ಲಿ ಚೆಂಡನ್ನು ಎರಡು ಅಡಿ ಮುಂದಕ್ಕೆ ತಳ್ಳಿ ನಿಂತರೆ ಎಷ್ಟು ಸಂಕಟ ಆಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಮೊದಲ ಎರಡು ವರ್ಷ ನನ್ನದೂ ಇದೇ ಪಾಡು. ಒಂದು ಸಲ ಕ್ಲಬ್ ಚೆಂಡಿನ ಹಿಂದೆ ನೆಲ ಅಗೆಯುತ್ತಿತ್ತು, ಚೆಂಡು ಅಲ್ಲೇ. ಮುಂದಿನ ಸಲ ಚೆಂಡಿನ ನಡುವಿಗೇ ಏಟು ಬಿದ್ದು, ಅದು ಗ್ರೀನ್ ದಾಟಿ ಆಚೆಯ ಬಂಕರಿಗೆ, ಅಂದರೆ ಮರಳಿನ ಗುಂಡಿಗೆ, ಓಡುತ್ತಿತ್ತು.

ಹೀಗೆ ಯಾಕೆ ಆಗುತ್ತದೆ ಗೊತ್ತಾ? ನೀವು ಬಹುಶಃ ಸ್ಯಾಂಡ್ ವೆಡ್ಜ್ ಅನ್ನುವ ಕ್ಲಬ್ ಹಿಡಿಯುತ್ತಿದ್ದೀರಿ. ನಾನೂ ಅದನ್ನೇ ಹಿಡಿಯುತ್ತಿದ್ದೆ, ಟಿವಿಯಲ್ಲಿ ದೊಡ್ಡ ಆಟಗಾರರೆಲ್ಲ ಹಾಗೇ ಮಾಡುತ್ತಾರಲ್ಲ. ಅದರ ಮುಖ 54ರಿಂದ 56 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ತಳ ಚಪ್ಪಟೆ ಇರುವುದಿಲ್ಲ, ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬಿಗೆ ಬೌನ್ಸ್ ಅನ್ನುತ್ತಾರೆ. ಮರಳಿನಲ್ಲಿ ಕ್ಲಬ್ ಹೂತುಹೋಗದೆ ಜಾರಲಿ ಅಂತ ಅದನ್ನು ಇಟ್ಟಿರುವುದು. ಮೆತ್ತನೆಯ ಹುಲ್ಲಿನಲ್ಲೂ ಅದು ಒಳ್ಳೆಯದೇ. ಆದರೆ ನಮ್ಮ ಕಡೆ ಮಾರ್ಚ್ ಬಂತೆಂದರೆ ನೆಲ ಕಲ್ಲಿನಂತೆ ಆಗುತ್ತದೆ. ಆ ಉಬ್ಬು ಗಟ್ಟಿ ನೆಲಕ್ಕೆ ತಾಗಿ ಪುಟಿಯುತ್ತದೆ, ಕ್ಲಬ್ಬಿನ ಅಂಚು ನೇರ ಚೆಂಡಿನ ನಡುವಿಗೆ ಬಡಿಯುತ್ತದೆ.

ಇನ್ನೊಂದು ಕಾರಣ ನಮ್ಮ ಮಣಿಕಟ್ಟು. ಚಿಕ್ಕಂದಿನಲ್ಲಿ ಚಿನ್ನಿ ದಾಂಡು ಆಡಿದವರು ನಾವು, ಓಣಿಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿದವರು. ಚೆಂಡನ್ನು ಎತ್ತಬೇಕು ಅಂತ ಮನಸ್ಸಿಗೆ ಬಂದ ಕೂಡಲೇ ಮಣಿಕಟ್ಟು ತಾನಾಗಿ ತಿರುಗಿಬಿಡುತ್ತದೆ. ಗಾಲ್ಫಿನಲ್ಲಿ ಚೆಂಡನ್ನು ನಾವು ಎತ್ತಬೇಕಾಗಿಲ್ಲ. ಕ್ಲಬ್ಬಿನ ಮುಖವೇ ಎತ್ತುತ್ತದೆ. ಇದು ತಲೆಗೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ, ಕೈಗೆ ಅರ್ಥವಾಗಲು ತಿಂಗಳುಗಳೇ ಬೇಕು.

ಈಗ ಚಿಪ್ಪರ್ ವಿಷಯ. ಅದು ಪಟರ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್) ಮತ್ತು ಐರನ್ (ವಾಲಿದ ಲೋಹದ ಮುಖದ ಕ್ಲಬ್, ನಂಬರ್ ಹೆಚ್ಚಾದಷ್ಟೂ ಮುಖ ಹೆಚ್ಚು ವಾಲಿರುತ್ತದೆ) ಎರಡನ್ನೂ ಸೇರಿಸಿ ಮಾಡಿದ ಹಾಗಿರುತ್ತದೆ. ಉದ್ದ ಹೆಚ್ಚುಕಡಿಮೆ ಪಟರ್‌ನಷ್ಟೇ. ನಿಲ್ಲುವುದೂ ಪಟರ್ ಹಾಗೆ ನೆಟ್ಟಗೆ. ತಳ ಅಗಲ. ಮುಖ ಮಾತ್ರ ಸಾಮಾನ್ಯವಾಗಿ 35 ಡಿಗ್ರಿ ಆಸುಪಾಸು ವಾಲಿರುತ್ತದೆ. ಅದನ್ನು ಕೈಗೆ ತಗೊಂಡರೆ ಯಾರೂ ಹೇಳಿಕೊಡದೆ ನೀವು ಪಟ್ ಮಾಡುವ ಹಾಗೆ ನಿಲ್ಲುತ್ತೀರಿ, ಮಣಿಕಟ್ಟು ಸುಮ್ನೆ ಇರುತ್ತದೆ. ಅದರ ಗುಣವೆಲ್ಲ ಇಷ್ಟರಲ್ಲೇ ಇದೆ. ಚೆಂಡು ಸ್ವಲ್ಪ ಹಾರಿ, ಗ್ರೀನ್ ಮೇಲೆ ಬಿದ್ದು, ಉಳಿದ ದಾರಿ ಉರುಳಿಕೊಂಡು ಹೋಗುತ್ತದೆ.

ಆದರೆ ಈಗಿನ ಸೆಟ್‌ಗಳಲ್ಲಿ 8 ಐರನ್ ಮುಖ ಎಷ್ಟು ವಾಲಿರುತ್ತದೆ? ಹೆಚ್ಚುಕಡಿಮೆ ಅಷ್ಟೇ. ಅಂದರೆ ಚೆಂಡಿಗೆ ಎರಡೂ ಒಂದೇ. ವ್ಯತ್ಯಾಸ ಇರುವುದು ನಿಲ್ಲುವ ರೀತಿಯಲ್ಲಿ.

ನನಗೆ ಇದನ್ನು ತೋರಿಸಿಕೊಟ್ಟವರು ಹೈದರಾಬಾದಿನ ಒಬ್ಬ ವಯಸ್ಸಾದ ಕ್ಯಾಡಿ, ಅಂದರೆ ಆಟಗಾರರ ಬ್ಯಾಗ್ ಹೊರುವವರು. ನಾನು ಸತತ ಮೂರನೇ ಸಲ ನೆಲ ಅಗೆದ ಮೇಲೆ ಅವರು ನನ್ನ ಕೈಯಿಂದ ವೆಡ್ಜ್ ತಗೊಂಡು ಬ್ಯಾಗಿಗೆ ಹಾಕಿದರು. 8 ಐರನ್ ಕೊಟ್ಟರು. ಹಿಡಿಯ ಮೇಲ್ತುದಿ ಬಿಟ್ಟು ಕೆಳಗೆ, ಹೆಚ್ಚುಕಡಿಮೆ ರಬ್ಬರ್ ಮುಗಿಯುವಲ್ಲಿ ಹಿಡಿಸಿದರು. ಚೆಂಡಿಗೆ ಇನ್ನೂ ಹತ್ತಿರ ನಿಲ್ಲಿಸಿದರು. ಆಗ ಕ್ಲಬ್ಬಿನ ಹಿಮ್ಮಡಿ (ತಲೆಗೆ ಕೋಲು ಸೇರುವ ಕಡೆ) ನೆಲದಿಂದ ಸ್ವಲ್ಪ ಮೇಲೆದ್ದು ತುದಿ ಮಾತ್ರ ಹುಲ್ಲಿಗೆ ತಾಗಿತು. "ಕಲಾಯಿ ನಕ್ಕೋ ಹಿಲಾವ್ ಸಾಬ್" ಅಂದರು. ಮಣಿಕಟ್ಟು ಅಲ್ಲಾಡಿಸಬೇಡಿ ಅಂತ. ಬೀದರಿನವರಾದ ನಿಮಗೆ ದಖನಿ ನಾನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆ ಓದುಗರಿಗಾಗಿ ಬರೆದೆ. ಪಟ್ ಮಾಡಿದ ಹಾಗೆ ಭುಜದಿಂದ ತೂಗಿದೆ. ಚೆಂಡು ಮೊಣಕಾಲೆತ್ತರಕ್ಕೂ ಏಳಲಿಲ್ಲ. ಗ್ರೀನ್ ಮೇಲೆ ಒಂದು ಹೆಜ್ಜೆ ಒಳಗೆ ಬಿದ್ದು, ಉರುಳಿ, ಬಾವುಟದ ಕೋಲಿನಿಂದ ಮೂರಡಿ ಹತ್ತಿರ ನಿಂತಿತು. ಆ ಸದ್ದು, ಆ ಉರುಳುವಿಕೆ ಇನ್ನೂ ಕಣ್ಣ ಮುಂದೆ ಇದೆ.

ಹಿಮ್ಮಡಿ ಎತ್ತುವುದು ತುಂಬ ಮುಖ್ಯ, ಅದನ್ನು ಬಿಡಬೇಡಿ. ನೆಲಕ್ಕೆ ತಾಗುವ ಲೋಹ ಕಡಿಮೆಯಾದಷ್ಟೂ ಹುಲ್ಲಿನಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ. ಚೆಂಡು ನಿಮ್ಮ ಬಲಗಾಲಿನ ಕಡೆಗೆ ಸ್ವಲ್ಪ ಸರಿದಿರಲಿ. ಮೈಭಾರ ಎಡಗಾಲಿನ ಮೇಲೆ ಇರಲಿ, ಶಾಟ್ ಮುಗಿಯುವವರೆಗೂ ಅಲ್ಲೇ ಇರಲಿ. ಕೈ ಚೆಂಡಿಗಿಂತ ಒಂದಿಷ್ಟು ಮುಂದೆ. ನೀವು ಎಡಗೈ ಆಟಗಾರರಾದರೆ ಇದೆಲ್ಲ ತಿರುವುಮುರುವು.

ಅಭ್ಯಾಸಕ್ಕೆ ಹುಲ್ಲು ಬೇಕೆಂದೇನಿಲ್ಲ. ನಮ್ಮ ಮನೆ ಮಾಳಿಗೆಗೆ ಶಹಾಬಾದ್ ಕಲ್ಲು ಹಾಸಿದೆ. ಅದರ ಮೇಲೆ ಒಂದು ಗೋಣಿತಟ್ಟನ್ನು ಎರಡು ಮಡಿಕೆ ಮಾಡಿ ಹಾಸುತ್ತೇನೆ, ಅದರ ಮೇಲೆ ಚೆಂಡು. ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಹಳೇ ಕಂಬಳಿ, ಚೆಂಡು ಅದರ ಮೇಲೆ ಬೀಳಬೇಕು. ಹಿಂದೆ ಒಂದು ಹಾಸಿಗೆ ನಿಲ್ಲಿಸಿರುತ್ತೇನೆ, ಇಲ್ಲದಿದ್ದರೆ ಚೆಂಡು ಪಕ್ಕದ ಮನೆಯವರ ಅಂಗಳಕ್ಕೆ ಹೋಗುತ್ತದೆ. ಈ ಗೋಣಿತಟ್ಟು ಒಳ್ಳೆಯ ಗುರು. ಏಟು ಸರಿ ಬಿದ್ದರೆ ಟಕ್ ಅನ್ನುವ ಸಣ್ಣ ಸದ್ದು, ತಟ್ಟು ಇದ್ದಲ್ಲೇ ಇರುತ್ತದೆ. ಮಣಿಕಟ್ಟು ತಿರುಗಿದರೆ ಕ್ಲಬ್ ಮೊದಲು ತಟ್ಟಿಗೆ ಬಡಿಯುತ್ತದೆ, ತಟ್ಟು ಮುದುಡಿ ಮುಂದಕ್ಕೆ ಜರುಗುತ್ತದೆ, ಕೆಳಗಿನ ಕಲ್ಲಿನ ಏಟು ಮೊಣಕೈವರೆಗೆ ಬರುತ್ತದೆ. ಬೆಳಿಗ್ಗೆ ಆರೂವರೆಗೆ, ಬಿಸಿಲು ಏರುವ ಮೊದಲು, ದಿನಕ್ಕೆ ಐವತ್ತು ಚೆಂಡು. ಮೂರನೇ ವಾರಕ್ಕೆ ತಟ್ಟು ಜರುಗುವುದು ನಿಂತಿತು.

ಇನ್ನು ಚಿಪ್ಪರ್‌ನಿಂದ ಸಿಗದ ಒಂದು ಲಾಭ ಹೇಳುತ್ತೇನೆ, ನನ್ನ ಮಟ್ಟಿಗೆ ಇದೇ ದೊಡ್ಡದು. ಚಿಪ್ಪರ್‌ಗೆ ಒಂದೇ ಲಾಫ್ಟ್ (ಮುಖ ವಾಲಿರುವ ಕೋನ), ಹಾಗಾಗಿ ಒಂದೇ ಲೆಕ್ಕ. ಇಷ್ಟು ಹಾರಾಟ, ಇಷ್ಟು ಉರುಳಾಟ, ಮುಗೀತು. ಬ್ಯಾಗಿನ ಐರನ್‌ಗಳಲ್ಲಿ ಅದೇ ತೂಗಾಟಕ್ಕೆ ಬೇರೆ ಬೇರೆ ಫಲ ಸಿಗುತ್ತದೆ. ಗಾಲ್ಫ್ ಕಲಿಸುವವರು 12ರ ಲೆಕ್ಕ ಅಂತ ಒಂದು ಹೇಳುತ್ತಾರೆ. ಚೆಂಡಿನಿಂದ ನೀವು ಬೀಳಿಸಬೇಕಾದ ಜಾಗಕ್ಕೆ ಎಷ್ಟು ಹೆಜ್ಜೆ, ಅಲ್ಲಿಂದ ಕುಳಿಗೆ ಎಷ್ಟು ಹೆಜ್ಜೆ ಅಂತ ನಡೆದು ಎಣಿಸಿ. ಉರುಳುವ ದೂರ ಹಾರುವ ದೂರದ ಎಷ್ಟು ಪಟ್ಟು ಅಂತ ನೋಡಿ, ಅದನ್ನು 12ರಲ್ಲಿ ಕಳೆಯಿರಿ. ಉದಾಹರಣೆಗೆ ಹಾರಲು 2 ಹೆಜ್ಜೆ, ಉರುಳಲು 8 ಹೆಜ್ಜೆ. ನಾಲ್ಕು ಪಟ್ಟು. 12ರಲ್ಲಿ 4 ಹೋದರೆ 8, ಅಂದರೆ 8 ಐರನ್. ಮೂರು ಪಟ್ಟಾದರೆ 9 ಐರನ್. ಎರಡು ಪಟ್ಟಾದರೆ 10, ಅದು ಪಿಚಿಂಗ್ ವೆಡ್ಜ್. ಇದು ಸಮತಟ್ಟಾದ ಗ್ರೀನ್‌ಗೆ. ಏರು ಇದ್ದರೆ ಒಂದು ನಂಬರ್ ಕಡಿಮೆ ಹಿಡಿಯಿರಿ, ಇಳಿಜಾರು ಇದ್ದರೆ ಒಂದು ಜಾಸ್ತಿ. ಗ್ರೀನ್ ನಿಧಾನವೋ ಜೋರೋ ಅನ್ನುವುದರ ಮೇಲೆ ನಿಮ್ಮ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಎರಡು ಮೂರು ಹೋಲ್ (ಒಂದೊಂದು ಕುಳಿಯವರೆಗಿನ ಆಟ) ಆಡಿದ ಮೇಲೆ ಕೈಗೇ ತಿಳಿಯುತ್ತದೆ.

ಇದು ಹೊಸ ಉಪಾಯವೇನಲ್ಲ. ಅಮೆರಿಕದ ಆಟಗಾರ ಪಾಲ್ ರನ್ಯನ್ ಐರನ್‌ಗಳನ್ನು ಪಟರ್ ಹಾಗೆ ತೂಗಿ ಚಿಪ್ ಮಾಡುವುದಕ್ಕೆ ಹೆಸರಾದವರು. ಗಿಡ್ಡ ಆಳು, ದೂರ ಹೊಡೆಯುವ ತಾಕತ್ತು ಇರಲಿಲ್ಲ. ಆದರೂ 1934ರಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಅನ್ನುವ ದೊಡ್ಡ ಸ್ಪರ್ಧೆ ಗೆದ್ದರು. 1938ರಲ್ಲಿ ಮತ್ತೆ ಫೈನಲ್ ತಲುಪಿದಾಗ ಎದುರಿಗೆ ಇದ್ದವರು ಸ್ಯಾಮ್ ಸ್ನೀಡ್, ಇವರಿಗಿಂತ ಎಷ್ಟೋ ದೂರ ಹೊಡೆಯುವವರು. ಹೆಚ್ಚು ಹೋಲ್ ಗೆದ್ದವರೇ ಗೆಲ್ಲುವ, 36 ಹೋಲ್‌ಗಳ ಆ ಪಂದ್ಯದಲ್ಲಿ ಇನ್ನೂ 7 ಹೋಲ್ ಬಾಕಿ ಇರುವಾಗಲೇ ರನ್ಯನ್ 8 ಹೋಲ್ ಮುಂದೆ ಹೋಗಿ ಗೆದ್ದುಬಿಟ್ಟರು. ಗ್ರೀನ್ ಸುತ್ತಮುತ್ತಲ ಆಟಕ್ಕೆ ಎಷ್ಟು ಬೆಲೆ ಇದೆ ನೋಡಿ!

ಚಿಪ್ಪರ್ ಬೇಡ ಅನ್ನುವವರು ಸಾಮಾನ್ಯವಾಗಿ ಸ್ಪೇನಿನ ದೊಡ್ಡ ಆಟಗಾರ ಸೆವೆ ಬ್ಯಾಲೆಸ್ಟೆರೋಸ್ ಹೆಸರು ತೆಗೆಯುತ್ತಾರೆ. ಹುಡುಗನಾಗಿದ್ದಾಗ 3 ಐರನ್ ಒಂದನ್ನೇ ಹಿಡಿದು ಸಮುದ್ರದ ದಂಡೆಯಲ್ಲಿ ಎಲ್ಲ ಶಾಟ್ ಕಲಿತರು, ಕಲೆ ಕೈಯಲ್ಲಿರಬೇಕು ಅಂತ. ಮಾತು ನಿಜ. ಆದರೆ ಅವರಿಗೆ ಇಡೀ ಬಾಲ್ಯ ಇತ್ತು. ನಿಮಗೂ ನನಗೂ ಇರುವುದು ಭಾನುವಾರ ಮಾತ್ರ. ಅದಕ್ಕೇ ನಾನು ಚಿಪ್ಪರ್ ಹಿಡಿದವರನ್ನು ಕೀಳಾಗಿ ನೋಡುವುದಿಲ್ಲ.

ನಮ್ಮ ಸೋದರಮಾವನ ವಿಷಯ ಹೇಳಲೇಬೇಕು. ವಯಸ್ಸು ಅರವತ್ತಾರು, ಕೆಲಸದಿಂದ ನಿವೃತ್ತರಾದ ಮೇಲೆ ಹೈದರಾಬಾದಿನ ಮಗಳ ಮನೆಗೆ ಹೋದಾಗೆಲ್ಲ ಆಡುತ್ತಾರೆ. ಅವರ ಬಲಗೈ ಚೆಂಡಿಗೆ ತಾಗುವ ಗಳಿಗೆಯಲ್ಲಿ ತಾನಾಗಿ ಜಗ್ಗುತ್ತದೆ. ಮಾಳಿಗೆಯ ಮೇಲೆ ನನ್ನ ಗೋಣಿತಟ್ಟಿನ ಪಾಠ ಎರಡು ತಿಂಗಳು ಮಾಡಿದರು. ಮನೆಯಲ್ಲಿ ಸರಿ ಬಂತು, ಕೋರ್ಸಿಗೆ ಹೋದರೆ ಮತ್ತೆ ಅದೇ. ಒಂದು ದಿನ ಚಿಪ್ಪರ್ ತಗೊಂಡರು. ನಾನು ಸ್ವಲ್ಪ ಹಿಂದೆಮುಂದೆ ನೋಡಿದೆ. ಅವರು ಹೇಳಿದ್ದು ಇಷ್ಟೇ: "ಏ ಅಳಿಯಾ, ನನಗ ಚೆಂಡು ಗ್ರೀನ್ ಮ್ಯಾಲ ಹೋಗಬೇಕು. ನೋಡೋರ ಕಣ್ಣಿಗಿ ಚಂದ ಕಾಣೋದು ನನಗ್ಯಾಕ?" ಈಗ ಹತ್ತರಲ್ಲಿ ಏಳೆಂಟು ಸಲ ಅವರ ಚೆಂಡು ಒಂದೇ ಏಟಿಗೆ ಗ್ರೀನ್ ಮೇಲೆ ಇರುತ್ತದೆ. ಮುಖದ ಮೇಲೆ ಆ ಹೆದರಿಕೆ ಇಲ್ಲ. ಅವರಂಥವರಿಗೆ ನಾನು ಕಣ್ಣು ಮುಚ್ಚಿ ಕೊಳ್ಳಿ ಅನ್ನುತ್ತೇನೆ.

ಆದರೂ ಅವರ ಚಿಪ್ಪರ್ ಕೈಕೊಡುವ ಜಾಗಗಳಿವೆ. ನಡುವೆ ಬಂಕರ್ ಇದ್ದರೆ, ಕುಳಿ ಅಂಚಿಗೆ ತೀರ ಹತ್ತಿರ ಇದ್ದರೆ, ಚೆಂಡು ಉದ್ದ ಹುಲ್ಲಿನಲ್ಲಿ ಕೂತಿದ್ದರೆ ಅದರಿಂದ ಆಗುವುದಿಲ್ಲ. ಅಲ್ಲಿ ವೆಡ್ಜ್ ಬೇಕೇ ಬೇಕು. ಬಂಕರ್ ಒಳಗಂತೂ ಹೇಳುವುದೇ ಬೇಡ. ಅಂದರೆ ಚಿಪ್ಪರ್ ಕೊಂಡರೂ ವೆಡ್ಜ್ ಕಲಿಯುವುದು ತಪ್ಪುವುದಿಲ್ಲ.

ಕೊಳ್ಳುವುದೇ ಆದರೆ ಒಂದು ಎಚ್ಚರ. ಇದಕ್ಕೆ ನಾನೇ ಬೆಲೆ ಕೊಟ್ಟಿದ್ದೇನೆ. ಕ್ಯಾಡಿ ಸಿಗುವ ಮೊದಲು, ನಾನೂ ಬೇಸತ್ತು ಒಂದು ಸೆಕೆಂಡ್ ಹ್ಯಾಂಡ್ ಚಿಪ್ಪರ್ ತರಿಸಿದ್ದೆ. ಎರಡೂ ಕಡೆ ಮುಖ ಇರುವುದು, ಬಲಗೈಗೂ ಎಡಗೈಗೂ ಆಗುವಂಥದ್ದು. ಒಂದು ಸಣ್ಣ ಸ್ಪರ್ಧೆಯಲ್ಲಿ ಎರಡನೇ ಹೋಲ್‌ನಲ್ಲಿ ಅದರಿಂದ ಆಡಿದೆ. ಜೊತೆಯಲ್ಲಿದ್ದವರು ನೋಡಿ ಹೇಳಿದರು, ನಾನು ಸ್ಪರ್ಧೆಯಿಂದಲೇ ಹೊರಗೆ. ನಿಯಮದ ಪ್ರಕಾರ ಎರಡು ಮುಖ ಇರಬಹುದಾದದ್ದು ಪಟರ್‌ಗೆ ಮಾತ್ರ. ಚಿಪ್ಪರ್ ಲೆಕ್ಕಕ್ಕೆ ಐರನ್, ಅದಕ್ಕೆ ಒಂದೇ ಮುಖ ಇರಬೇಕು. ಹಿಡಿಯೂ ಗುಂಡಗಿರಬೇಕು, ಪಟರ್‌ಗೆ ಹಾಕುವ ಮುಂದೆ ಚಪ್ಪಟೆ ಇರುವ ಹಿಡಿ ನಡೆಯುವುದಿಲ್ಲ. ಅಂಥ ಕ್ಲಬ್ ಬ್ಯಾಗಿನಲ್ಲಿ ಸುಮ್ನೆ ಇದ್ದರೆ ಈಗ ಶಿಕ್ಷೆ ಇಲ್ಲ, ಅದರಿಂದ ಒಂದು ಏಟು ಹೊಡೆದರೆ ಅನರ್ಹ. ಮಾರುವವರು ಇದನ್ನು ಹೇಳುವುದಿಲ್ಲ, ನೀವೇ ಕೇಳಿ ತಗೊಳ್ಳಿ. 14 ಕ್ಲಬ್‌ಗಳ ಮಿತಿಯಲ್ಲಿ ಚಿಪ್ಪರ್ ಕೂಡ ಒಂದಾಗಿ ಲೆಕ್ಕ ಆಗುತ್ತದೆ, ಆದರೆ ಒಂದು ವರ್ಷದ ಆಟಗಾರರ ಬ್ಯಾಗಿನಲ್ಲಿ ಅಷ್ಟು ಕ್ಲಬ್ ಇರುವುದೇ ಅಪರೂಪ ಅಲ್ವಾ.

ಈ ಭಾನುವಾರ ಕೋರ್ಸಿಗೆ ಅರ್ಧ ಗಂಟೆ ಮುಂಚೆ ಹೋಗಿ. ಅಭ್ಯಾಸದ ಗ್ರೀನ್ ಅಂಚಿನಿಂದ ಒಂದು ಹೆಜ್ಜೆ ಆಚೆ ಹತ್ತು ಚೆಂಡು ಇಡಿ, ಸ್ಯಾಂಡ್ ವೆಡ್ಜ್‌ನಿಂದ ಆಡಿ. ಮತ್ತೆ ಅದೇ ಜಾಗದಿಂದ ಹತ್ತು ಚೆಂಡು, 8 ಐರನ್ ಕೆಳಗೆ ಹಿಡಿದು, ಹಿಮ್ಮಡಿ ಎತ್ತಿ. ಎರಡೂ ಸಲ ಕುಳಿಯಿಂದ ಒಂದು ಕ್ಲಬ್ ಉದ್ದದ ಒಳಗೆ ಎಷ್ಟು ನಿಂತವು ಅಂತ ಎಣಿಸಿ ಬರೆದಿಡಿ. ನಾಲ್ಕು ವಾರ ಹೀಗೆ ಮಾಡಿ ಆ ಲೆಕ್ಕವನ್ನು ಇಲ್ಲೇ ಕೆಳಗೆ ಹಾಕಿ, ನಾನು ನೋಡಿ ಹೇಳುತ್ತೇನೆ.