ವಿದ್ಯುತ್ತಿನಿಂದ ನೀರನ್ನು ಒಡೆದು ಹಸಿರು ಹೈಡ್ರೋಜನ್ ತಯಾರಿಸುವ ಎಲೆಕ್ಟ್ರೊಲೈಸರ್‌ಗಳಲ್ಲಿ ಪಾಲಿಮರ್ ಪೊರೆ ಹಾಳಾಗುವುದೇಕೆ? ಬಾಳಿಕೆ ಬರುವ ಪೊರೆ ಸಾಧ್ಯವೇ?

ಸಾಧ್ಯ, ಆದರೆ ಒಂದು ಬಗೆಯ ಪೊರೆಯಲ್ಲಿ ಬಾಳಿಕೆ ಸಿಕ್ಕಿದೆ, ಇನ್ನೊಂದರಲ್ಲಿ ಇನ್ನೂ ಹುಡುಕಾಟ ನಡೆದಿದೆ.

ಮೊದಲನೆಯದು ನಾಫಿಯಾನ್‌ನಂಥ ಪ್ರೋಟಾನ್ ದಾಟಿಸುವ ಪೊರೆ. ಟೆಫ್ಲಾನ್ ಮಾದರಿಯ ಸರಪಳಿಗೆ ಸಲ್ಫಾನಿಕ್ ಆಮ್ಲದ ಗುಂಪುಗಳು ಅಂಟಿಕೊಂಡಿರುವುದರಿಂದ ಇದು ಗಟ್ಟಿ ಆಸಾಮಿ. ಇದರ ಶತ್ರು ನೀರಿಗೆ ಸೇರುವ ಕಬ್ಬಿಣದ ಅಯಾನು. ಒಳಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಅದು ಬಹು ಚುರುಕಾಗಿ ಎರಗುವ ಚೂರುಗಳಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳಾಗಿ ಒಡೆಯುತ್ತದೆ. ಅವು ಸರಪಳಿಯನ್ನೇ ತುಂಡರಿಸುತ್ತವೆ. ಹೊರಬರುವ ನೀರಿನಲ್ಲಿ ಫ್ಲೋರೈಡ್ ಅಳೆದರೆ ಸವೆತದ ಅಂದಾಜು ಸಿಗುತ್ತದೆ. ಪೊರೆ ತೆಳುವಾದಷ್ಟೂ ವಿದ್ಯುತ್ ಉಳಿತಾಯ, ಜೊತೆಗೆ ಹೈಡ್ರೋಜನ್ ಸೋರಿಕೆಯೂ ಹೆಚ್ಚು. ಆಮ್ಲಜನಕದಲ್ಲಿ ಅದು ಸುಮಾರು 4% ತಲುಪಿದರೆ ಹೊತ್ತಿಕೊಳ್ಳಬಹುದು. ಪೊರೆ ಹರಿಯದಂತೆ ಒಳಗೆ ಬಲೆಯ ಆಧಾರ ಕೊಡುತ್ತಾರೆ, ರ‍್ಯಾಡಿಕಲ್‌ಗಳನ್ನು ತಣಿಸಲು ಸೀರಿಯಂ ಬೆರೆಸುತ್ತಾರೆ.

ಆದರೆ ಈ ಆಮ್ಲೀಯ ಪರಿಸರ ತಾಳಲು ವೇಗವರ್ಧಕವಾಗಿ ದುಬಾರಿ ಇರಿಡಿಯಂ, ಪ್ಲಾಟಿನಂ ಬೇಕೇ ಬೇಕು. ಎರಡನೆಯ ಬಗೆಯಾದ, ಹೈಡ್ರಾಕ್ಸೈಡ್ ದಾಟಿಸುವ ಪೊರೆಗಾದರೆ ನಿಕಲ್ ಸಾಕು. ತೊಡಕೆಂದರೆ, ಅದು ಸಾಗಿಸುವ ಹೈಡ್ರಾಕ್ಸೈಡೇ ಪೊರೆಯಲ್ಲಿನ ಧನ ಅಮೋನಿಯಂ ಗುಂಪುಗಳ ಮೇಲೆ ದಾಳಿ ಮಾಡುತ್ತದೆ. ಸರಪಳಿಯಲ್ಲಿ ಈಥರ್ ಬಂಧವಿದ್ದರೆ ಅದೂ ಮುರಿಯುತ್ತದೆ. ಈಥರ್ ಇಲ್ಲದ ಬೆಂಜೀನ್ ಉಂಗುರಗಳ ಸರಪಳಿಗೆ ಪಿಪೆರಿಡಿನಿಯಂ ಎಂಬ ಉಂಗುರಾಕಾರದ ಅಮೋನಿಯಂ ಗುಂಪನ್ನು ಜೋಡಿಸುವುದು ನನಗೆ ಕಾಣುವ ಅತ್ಯಂತ ಭರವಸೆಯ ದಾರಿ. ಬಿಸಿ ಕ್ಷಾರದಲ್ಲಿ ನೆನೆಸಿಟ್ಟು ಮಾಡಿದ ಪರೀಕ್ಷೆಯನ್ನಷ್ಟೇ ನಂಬಬೇಡಿ: ಓಡುವ ಯಂತ್ರದಲ್ಲಿ ಒತ್ತಡ, ಆಕ್ಸಿಡೀಕರಣ, ನಿಂತು ಶುರುವಾಗುವ ಏರಿಳಿತ ಎಲ್ಲವೂ ಸೇರುತ್ತವೆ.